ಹುಟ್ಟಿನ ಮತವೂ ವರಿಸಿದ ಮತವೂ

ಮಾನವನು ತನ್ನ ಮಾತೃಭಾಷೆಯನ್ನು ಆರಿಸಿಕೊಂಡು ಹುಟ್ಟುವುದಿಲ್ಲ. ತಾಯಿಯ ಮಡಿಲಲ್ಲಿ ಅದು ಅವನಿಗೆ ತಾನಾಗಿಯೇ ಬಂದು ಸೇರುತ್ತದೆ. ಮತವೂ ಬಹುಮಟ್ಟಿಗೆ ಹಾಗೆಯೇ. ಯಾವ ಮನೆಯಲ್ಲಿ ಹುಟ್ಟಿದನೋ ಆ ಮನೆಯ ದೇವರು ಅವನ ದೇವರಾಗುತ್ತಾನೆ. ಆ ಮನೆಯ ಹಬ್ಬಹರಿದಿನಗಳು, ನೇಮನಿಷ್ಠೆಗಳು, ಸೂತಕಪಾತಕಗಳು ಅವನವಾಗುತ್ತವೆ. 'ನೀನು ಈ ಮತವನ್ನೇ ಏಕೆ ಅನುಸರಿಸುತ್ತೀಯೆ?' ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ಕೊಡಬಹುದಾದ ಪ್ರಾಮಾಣಿಕ ಉತ್ತರ, 'ನಮ್ಮ ತಂದೆ ತಾಯಿಗಳು ಇದನ್ನೇ ಅನುಸರಿಸುತ್ತಿದ್ದರು' ಎಂಬುದೊಂದೇ. ಈ ಉತ್ತರದಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಆದರೆ ಪ್ರಶ್ನೆಗೆ ಇದು ಪೂರ್ಣವಾದ ಉತ್ತರವೂ ಅಲ್ಲ.

ಕನ್ನಡ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ಒಂದು ವಿಶೇಷವಾದ ಸ್ಥಾನವಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿನಿಂದ ಬಂದುದನ್ನು ಬಿಟ್ಟು, ತಾವಾಗಿಯೇ ವರಿಸಿದ ಮಾರ್ಗವನ್ನು ಹಿಡಿದ ಸ್ತ್ರೀಪುರುಷರು ಒಬ್ಬಿಬ್ಬರಲ್ಲ. ವಿಪ್ರರು, ವರ್ತಕರು, ಚರ್ಮಕಾರರು, ಅಗಸರು, ಅಂಬಿಗರು, ವೇಶ್ಯೆಯರು, ಅರಸುಮಕ್ಕಳು ಇವರೆಲ್ಲ ಒಂದೇ ಅಂಗಳಕ್ಕೆ ಬಂದು ನಿಂತರು. ಅವರ ಚರಿತೆಗಳನ್ನು ಬರೆಯಲು ಹೊರಟ ಕವಿಗಳು ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ: ಇವರು ಏಕೆ ಬಂದರು? ಹರಿಹರ, ರಾಘವಾಂಕ, ಪಾಲ್ಕುರಿಕೆ ಸೋಮನಾಥ, ಭೀಮಕವಿ, ಚಾಮರಸ, ಶೂನ್ಯಸಂಪಾದನಕಾರರು ಇವರೆಲ್ಲರೂ ಈ ಪ್ರಶ್ನೆಗೆ ಉತ್ತರ ಕೊಟ್ಟವರೇ. ಆದರೆ ಅವರ ಉತ್ತರಗಳು ಒಂದೇ ಬಗೆಯವಲ್ಲ. ಒಬ್ಬನೇ ಶರಣನ ವಿಷಯದಲ್ಲಿ ಇಬ್ಬರು ಕವಿಗಳು ಭಿನ್ನವಾದ ಕಾರಣಗಳನ್ನು ಕೊಡುವುದುಂಟು. ಶರಣಸಾಹಿತ್ಯವನ್ನು ಭಕ್ತಿಯಿಂದ ಓದುವವರು ಈ ಭೇದಗಳನ್ನು ಸಾಮಾನ್ಯವಾಗಿ ಗಮನಿಸದೆ ಮುಂದೆ ಸಾಗುತ್ತಾರೆ. ಪಾಠಾಂತರವೆಂದೋ ಐತಿಹ್ಯದ ವ್ಯತ್ಯಾಸವೆಂದೋ ಬದಿಗಿಡುವ ಈ ಭೇದಗಳಲ್ಲಿಯೇ ಮತಸ್ವೀಕಾರವೆಂದರೇನು ಎಂಬ ಬಗ್ಗೆ ಆಯಾ ಕವಿಯ ನಿಲುವು ಅಡಗಿದೆ. ಅದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಬಸವಣ್ಣನವರ ಚರಿತ್ರೆಯನ್ನೇ ತೆಗೆದುಕೊಳ್ಳಬಹುದು. ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ಬಸವನು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆಯುತ್ತಾನೆ. ಅವನಿಗೆ ಉಪನಯನವಾಗಿದೆ, ಜನಿವಾರ ಮೈಮೇಲಿದೆ. ವೈದಿಕ ಕರ್ಮಗಳ ನಡುವೆಯೇ ಅವನು ದೊಡ್ಡವನಾಗುತ್ತಾನೆ. ಒಂದು ದಿನ, ಕರ್ಮಕ್ಕೂ ಭಕ್ತಿಗೂ ಹೊಂದಿಕೆಯಿಲ್ಲವೆಂಬುದು ಅವನ ಮನಸ್ಸಿಗೆ ನಿಶ್ಚಯವಾಗುತ್ತದೆ. ಯಾರೊಡನೆಯೂ ವಾದಮಾಡದೆ, ಯಾರನ್ನೂ ನಿಂದಿಸದೆ, ಆ ದಾರವನ್ನು ಹರಿದು, ಮನೆ ಸಂಪತ್ತು ಬಂಧುಗಳನ್ನು ಬಿಟ್ಟು ಅವನು ಕಪ್ಪಡಿಸಂಗಮದತ್ತ ನಡೆಯುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಕಥೆ ಬೇರೆಯೇ ಆಗಿದೆ. ಅಲ್ಲಿ ತಂದೆ ಮಾದಿರಾಜನು ಮಗನಿಗೆ ಉಪನಯನ ಮಾಡಲು ಸಿದ್ಧತೆ ನಡೆಸುತ್ತಾನೆ. ಬಾಲಕ ಬಸವನು ಅದನ್ನು ನಿರಾಕರಿಸಿ ತಂದೆಯೊಡನೆ ಶಾಸ್ತ್ರಾಧಾರಪೂರ್ವಕವಾಗಿ ವಾದಿಸುತ್ತಾನೆ. ಅಕ್ಕ ನಾಗಾಂಬಿಕೆಯೊಡನೆ ಮನೆಯನ್ನು ಬಿಡುತ್ತಾನೆ. ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣವು ಹೆಚ್ಚಾಗಿ ಸೋಮನಾಥನ ದಾರಿಯನ್ನೇ ಅನುಸರಿಸಿದೆ. ಮುಂದಿನ ಶತಮಾನಗಳ ಜನಮನದಲ್ಲಿ ನೆಲೆನಿಂತುದು ಈ ಎರಡನೆಯ ಚಿತ್ರವೇ. ಶಾಲೆಯ ಮಕ್ಕಳು ಇಂದಿಗೂ ಕೇಳುವ ಕಥೆ ಇದೇ.

ಎರಡರಲ್ಲಿ ಯಾವುದು ನಡೆದ ಸಂಗತಿ ಎಂಬುದು ಚರಿತ್ರಕಾರರಿಗೆ ಬಿಟ್ಟ ಪ್ರಶ್ನೆ. ಸಾಹಿತ್ಯವಿಮರ್ಶೆಗೆ ಮುಖ್ಯವಾದ ಅಂಶ ಬೇರೆ. ಸೋಮನಾಥನ ಬಸವನು ಜನಿವಾರವನ್ನು ಧರಿಸಲೇ ಇಲ್ಲ. ಆದ್ದರಿಂದ ಅವನು ಬಿಟ್ಟುದೇನೂ ಇಲ್ಲ. ಅವನಿಗೆ ಸಂದೇಹವೂ ಇಲ್ಲ. ಆಡುವ ಪ್ರತಿಯೊಂದು ಮಾತನ್ನೂ ಅವನು ಮೊದಲೇ ಬಲ್ಲವನಂತೆ ಆಡುತ್ತಾನೆ. ಅಲ್ಲಿ ನಡೆಯುವುದು ತಂದೆಯ ಸೋಲೇ ಹೊರತು ಮಗನ ಬದಲಾವಣೆಯಲ್ಲ. ಹರಿಹರನ ಬಸವನಾದರೋ ಹುಟ್ಟಿನಿಂದ ಬಂದುದನ್ನು ಧರಿಸಿದ್ದಾನೆ, ಅದರೊಡನೆ ಬಾಳಿದ್ದಾನೆ, ಅದರ ಭಾರವನ್ನು ಅರಿತಿದ್ದಾನೆ, ಅನಂತರ ಬಿಟ್ಟಿದ್ದಾನೆ. ಧರಿಸಿದವನಿಗೆ ಮಾತ್ರ ಹರಿಯುವುದರ ಅರ್ಥ ತಿಳಿದೀತು. ಆದ್ದರಿಂದಲೇ ಹರಿಹರನ ಪ್ರಸಂಗ ಮಾತು ಕಡಮೆಯಾಗಿದ್ದರೂ ಓದುಗನ ಮನಸ್ಸನ್ನು ಹೆಚ್ಚು ಕಲಕುತ್ತದೆ. ಈ ಕವಿಗೆ ಇಂಥ ನಿರ್ಗಮನದಲ್ಲಿ ವಿಶೇಷ ಸಹಾನುಭೂತಿ ಇದ್ದುದು ಸಹಜವೇ ಸರಿ. ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದ ಹರಿಹರನು ಆ ಉದ್ಯೋಗವನ್ನು ಬಿಟ್ಟು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಹೋದನೆಂದು ಪರಂಪರೆ ಹೇಳುತ್ತದೆ.

ಈ ಎರಡು ಕೃತಿಗಳಿಗೂ ಸಮಾನವಾದ ಒಂದು ಚೌಕಟ್ಟುಂಟು. ಹರಿಹರನಲ್ಲಿ ಬಸವನು ಕೈಲಾಸದ ವೃಷಭಮುಖನೆಂಬ ಗಣ. ಸೋಮನಾಥನಲ್ಲಿ ಅವನು ನಂದೀಶ್ವರನ ಅವತಾರ. ಶಿವಾಜ್ಞೆಯಿಂದ ಧರೆಗೆ ಬಂದವನು ಶಿವಭಕ್ತನಾಗದೆ ಇನ್ನೇನಾದಾನು? ಈ ಕಾರಣಿಕತ್ವದ ಚೌಕಟ್ಟನ್ನು ಅಕ್ಷರಶಃ ಹಿಡಿದರೆ ಆಯ್ಕೆಯ ಪ್ರಶ್ನೆಯೇ ಅಳಿಸಿಹೋಗುತ್ತದೆ. ಪುರಾಣಕವಿಗಳ ದೃಷ್ಟಿಯಿಂದ ಇದು ಮಹಿಮೆಯನ್ನು ಹೆಚ್ಚಿಸುವ ಉಪಾಯ. ಆದರೆ ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಆಕಾಶದಿಂದ ಕಳುಹಿಸಲ್ಪಟ್ಟವನು ಮಾನವನಿಗೆ ಪೂಜ್ಯನಾಗಬಲ್ಲನು, ಮಾದರಿಯಾಗಲಾರನು. ಬಸವಣ್ಣನವರ ವಚನಗಳಾದರೋ ಈ ಚೌಕಟ್ಟನ್ನು ಬೆಂಬಲಿಸುವಂತಿಲ್ಲ. ಅಲ್ಲಿ ಕಾಣುವುದು ತನ್ನ ಮನಸ್ಸಿನ ಚಾಂಚಲ್ಯವನ್ನು ತಾನೇ ಬಯಲಿಗೆಳೆಯುವ, ತನ್ನ ಭಕ್ತಿ ಸಾಲದೆಂದು ಕೊರಗುವ, ನಿನ್ನೆಯ ನಿಶ್ಚಯ ಇಂದು ಸಡಿಲವಾಯಿತೇ ಎಂದು ಅಂಜುವ ಒಂದು ಜೀವ. ಒಮ್ಮೆ ಆರಿಸಿಕೊಂಡುದನ್ನು ದಿನದಿನವೂ ಮತ್ತೆ ಆರಿಸಿಕೊಳ್ಳಬೇಕಾದವನ ಧ್ವನಿ ಅದು. ಹರಿಹರನ ದೊಡ್ಡತನವೆಂದರೆ, ಕೈಲಾಸದ ಪೀಠಿಕೆಯನ್ನು ಇಟ್ಟುಕೊಂಡೂ ಕಪ್ಪಡಿಸಂಗಮದ ದಾರಿಯಲ್ಲಿ ಅವನು ಅದನ್ನು ಮರೆಯುತ್ತಾನೆ. ಅಲ್ಲಿ ನಡೆಯುವವನು ಗಣವಲ್ಲ, ಒಬ್ಬ ತರುಣ.

ಮತಸ್ವೀಕಾರಕ್ಕೆ ಶರಣಚರಿತ್ರೆಗಳು ಕೊಡುವ ಇನ್ನೊಂದು ಕಾರಣ ಪವಾಡ. ಇದಕ್ಕೆ ಏಕಾಂತದ ರಾಮಯ್ಯನ ವೃತ್ತಾಂತ ಪ್ರಸಿದ್ಧವಾದ ನಿದರ್ಶನ. ಇದು ಬಸವಪುರಾಣದಲ್ಲಿ ಬರುವುದಲ್ಲದೆ, ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ, 1200ರ ಸುಮಾರಿನ ಶಾಸನದಲ್ಲಿಯೂ ವಿವರವಾಗಿ ದಾಖಲಾಗಿದೆ. ರಾಮಯ್ಯನು ಜೈನರೊಡನೆ ಪಣ ಕಟ್ಟುತ್ತಾನೆ. ಓಲೆಯ ಮೇಲೆ ಒಪ್ಪಂದವಾಗುತ್ತದೆ. ಅವನು ತನ್ನ ಶಿರಸ್ಸನ್ನು ಅರಿದು ಶಿವನಿಗರ್ಪಿಸಿ ಮತ್ತೆ ಪಡೆಯುತ್ತಾನೆ. ಶಾಸನವು ಮುಂದೆ ಹೇಳುವ ಸಂಗತಿ ಬಹಳ ಕುತೂಹಲಕರವಾದುದು. ಪವಾಡವನ್ನು ಕಣ್ಣಾರೆ ಕಂಡ ಎದುರಾಳಿಗಳು ಒಪ್ಪಂದದಂತೆ ನಡೆಯಲಿಲ್ಲ. ಜಿನಬಿಂಬದ ಭಂಗವಾಗಿ, ವಿವಾದವು ಬಿಜ್ಜಳನ ಸಭೆಗೆ ಹೋಗಿ, ಕೊನೆಗೆ ಅರಸನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನು.

ಈ ವೃತ್ತಾಂತವನ್ನು ಶಿವಭಕ್ತಿಯ ವಿಜಯವೆಂದು ಓದುವುದು ರೂಢಿ. ರಾಮಯ್ಯನ ನಿಷ್ಠೆಯ ಮಟ್ಟಿಗೆ ಅದು ಸರಿ. ತನ್ನ ಶಿರಸ್ಸನ್ನೇ ಪಣವಾಗಿಟ್ಟವನ ಎದೆಗಾರಿಕೆ ಸಾಮಾನ್ಯವಾದುದಲ್ಲ. ಆದರೆ ಎದುರಿಗಿದ್ದವರ ಮನಸ್ಸಿನಲ್ಲಿ ಏನಾಯಿತು? ಶಾಸನ ಅದನ್ನು ಹೇಳುವುದಿಲ್ಲ; ಪುರಾಣವೂ ಹೇಳುವುದಿಲ್ಲ. ಪವಾಡವು ಅವರ ವಾದವನ್ನು ನಿಲ್ಲಿಸಿತು, ಮನಸ್ಸನ್ನು ತಿರುಗಿಸಲಿಲ್ಲ. ಜಯಪತ್ರದಿಂದ ಒಂದು ದೇವಾಲಯಕ್ಕೆ ಭೂಮಿ ಬಂದೀತು. ಒಬ್ಬ ಭಕ್ತನು ಬಾರನು. ಸೋತವನು ಗೆದ್ದವನ ಮತವನ್ನು ಸೇರಬೇಕೆಂಬ ಪಣದಲ್ಲಿ ಮತವು ಜೂಜಿನ ಒತ್ತೆಯ ವಸ್ತುವಾಗುತ್ತದೆ. ಜೈನಕವಿಗಳೇನಾದರೂ ಇದೇ ಪ್ರಸಂಗವನ್ನು ಬರೆದಿದ್ದರೆ ಅದರ ಸ್ವರವೇ ಬೇರೆಯಾಗುತ್ತಿತ್ತೆಂಬುದನ್ನು ಸಹೃದಯನು ನೆನಪಿನಲ್ಲಿಡಬೇಕು. ವಚನಕಾರರು ತಮ್ಮ ನಿಷ್ಠೆಗೆ ಪವಾಡವನ್ನು ಸಾಕ್ಷಿಯಾಗಿ ಕರೆಯುವುದು ಅಪೂರ್ವ. ಅವರು ಕರೆಯುವ ಸಾಕ್ಷಿ ಬೇರೆ: ನಡೆ, ನುಡಿ, ಕಾಯಕ, ದಾಸೋಹ. ಪುರಾಣಗಳಲ್ಲಿ ಪವಾಡ ಹೆಚ್ಚಿದಂತೆಲ್ಲ ಮನಃಪರಿವರ್ತನೆಯ ಚಿತ್ರಣ ಕಡಮೆಯಾಗುತ್ತ ಹೋಗುವುದನ್ನು ಗಮನಿಸಿದರೆ, ಒಂದು ಇನ್ನೊಂದರ ಸ್ಥಾನವನ್ನು ಆಕ್ರಮಿಸಿತೆಂದು ಹೇಳದೆ ವಿಧಿಯಿಲ್ಲ.

ಮೂರನೆಯದಾಗಿ ಸಂಬಂಧ ಮತ್ತು ಸಂಗ. ಮತಾಂತರದ ಕಾರಣಗಳಲ್ಲಿ ಇದು ಅತ್ಯಂತ ಸಾಮಾನ್ಯವಾದುದು. ಆದರೆ ಭಕ್ತಿಕಾವ್ಯಗಳಲ್ಲಿ ಬಹಿರಂಗವಾಗಿ ಒಪ್ಪಿಕೊಳ್ಳಲು ಕವಿಗಳು ಹಿಂಜರಿಯುವಂಥದು. ಹರಿಹರನು ಹಿಂಜರಿಯಲಿಲ್ಲ. ಅವನ 'ಆದಯ್ಯನ ರಗಳೆ'ಯಲ್ಲಿ ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ, ಬಂದ ಆದಯ್ಯನನ್ನು ಜೈನಶ್ರಾವಕನ ಮಗಳಾದ ಪದ್ಮಾವತಿಯು ಕಂಡು ಮೋಹಿಸುತ್ತಾಳೆ. ಅವನಿಗಾಗಿ ಶಿವದೀಕ್ಷೆಯನ್ನು ಪಡೆದು ಅವನನ್ನು ವರಿಸುತ್ತಾಳೆ. ಇದೇ ಕಥೆಯನ್ನು ರಾಘವಾಂಕನು 'ಸೋಮನಾಥ ಚರಿತೆ'ಯಲ್ಲಿ ಷಟ್ಪದಿಯಲ್ಲಿ ವಿಸ್ತರಿಸಿದ್ದಾನೆ. ಅವಳು ಮೊದಲು ಆರಿಸಿದುದು ಪುರುಷನನ್ನೋ ದೇವರನ್ನೋ ಎಂದು ಕೇಳಿದರೆ, ಪುರುಷನನ್ನೇ ಎಂದು ಹೇಳಬೇಕಾಗುತ್ತದೆ. ಇದರಿಂದ ಅವಳ ಭಕ್ತಿ ಕೀಳಾಯಿತೇ? ಹಾಗೆ ತೀರ್ಪು ಕೊಡುವುದು ಮಾನವಸ್ವಭಾವವನ್ನು ಅರಿಯದವರ ಮಾತು. ತಾಯಿಯ ಪ್ರೀತಿಯಿಂದ ಬಂದ ಮತವನ್ನು ಸಹಜವೆಂದು ಒಪ್ಪುವವರು ಪತಿಯ ಪ್ರೀತಿಯಿಂದ ಬಂದ ಮತವನ್ನು ಅಸಹಜವೆಂದು ಹೇಗೆ ಹೇಳಬಲ್ಲರು? ಮುಖ್ಯವಾದುದು ಮುಂದಿನ ಪರೀಕ್ಷೆ. ತವರು ಮನೆಗೂ ಶಿವಭಕ್ತರಿಗೂ ನಡುವೆ ವಿರಸವುಂಟಾದಾಗ ಅವಳು ಯಾವ ಕಡೆಗೆ ನಿಲ್ಲುತ್ತಾಳೆ ಎಂಬುದರಲ್ಲಿ ಅವಳ ನಿಷ್ಠೆ ವ್ಯಕ್ತವಾಗುತ್ತದೆ. ಬಾಗಿಲು ಯಾವುದಾದರೇನು, ಒಳಗೆ ಬಂದವಳು ಒಳಗೆ ನಿಂತಳು.

ಉರಿಲಿಂಗಪೆದ್ದಿಯ ಐತಿಹ್ಯವನ್ನೂ ಇಲ್ಲಿಯೇ ಸೇರಿಸಬಹುದು. ಕಳವು ಮಾಡಲು ಒಂದು ಮನೆಯನ್ನು ಹೊಕ್ಕವನು, ಅಲ್ಲಿ ಉರಿಲಿಂಗದೇವನು ನಡೆಸುತ್ತಿದ್ದ ದೀಕ್ಷಾವಿಧಿಯನ್ನು ಮರೆಯಲ್ಲಿ ನಿಂತು ನೋಡಿ, ತನಗೂ ಅದು ಬೇಕೆಂದು ಬಯಸಿದನಂತೆ. ಇಲ್ಲಿ ವಾದವಿಲ್ಲ, ಪವಾಡವಿಲ್ಲ. ಇನ್ನೊಬ್ಬನಿಗೆ ದೊರೆಯುತ್ತಿರುವ ಒಂದು ಶಾಂತಿಯ ದರ್ಶನ ಮಾತ್ರ. ಹೀಗೆ ಬಂದ ಪೆದ್ದಿಯೇ ಮುಂದೆ ವೇದಾಗಮಗಳ ವಾಕ್ಯಗಳನ್ನು ತನ್ನ ವಚನಗಳಲ್ಲಿ ಎತ್ತಿ ವಿವೇಚಿಸುವ ಪಂಡಿತನಾದುದು, ಕಾರಣದ ಅಲ್ಪತೆಯಿಂದ ಫಲವನ್ನು ಅಳೆಯಬಾರದೆಂಬುದಕ್ಕೆ ನಿದರ್ಶನವಾಗಿದೆ.

ಪದ್ಮಾವತಿಯ ಕಥೆಗೆ ಎದುರಾಗಿ ನಿಲ್ಲುವುದು ಮಹಾದೇವಿಯಕ್ಕನ ಕಥೆ. ಅಲ್ಲಿ ಪ್ರೇಮವು ಮತವನ್ನು ತಂದಿತು. ಇಲ್ಲಿ ಭಕ್ತಿಯು ದಾಂಪತ್ಯವನ್ನೇ ಮುರಿಯಿತು. ಹರಿಹರನ 'ಮಹಾದೇವಿಯಕ್ಕನ ರಗಳೆ'ಯಲ್ಲಿ ಉಡುತಡಿಯ ಅರಸ ಕೌಶಿಕನು ಭವಿ. ಅಕ್ಕನು ಕೆಲವು ನಿಬಂಧನೆಗಳ ಮೇಲೆ ಅವನನ್ನು ವಿವಾಹವಾಗಿ, ಅವು ಮುರಿದಾಗ ಅರಮನೆಯನ್ನು ತ್ಯಜಿಸುತ್ತಾಳೆ. 15ನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ವಿವಾಹವೇ ನಡೆಯುವುದಿಲ್ಲ. ಚಾಮರಸನು ಅಕ್ಕನ ವೈರಾಗ್ಯಕ್ಕೆ ಕಲಂಕ ತಟ್ಟಬಾರದೆಂದು ಹೀಗೆ ಮಾಡಿರಬಹುದು. ಆದರೆ ಬಸವಣ್ಣನವರ ಜನಿವಾರದ ಪ್ರಸಂಗದಲ್ಲಿ ಕಂಡ ಸಂಗತಿಯೇ ಇಲ್ಲಿಯೂ ಕಾಣುತ್ತದೆ. ಹರಿಹರನು ತನ್ನ ಶರಣರನ್ನು ಬಂಧನದೊಳಗಿಂದ ಹೊರತರುತ್ತಾನೆ. ಅನಂತರದ ಕವಿಗಳು ಅವರನ್ನು ಬಂಧನದ ಹೊರಗೇ ಇರಿಸುತ್ತಾರೆ.

ಇಲ್ಲಿ ಇನ್ನೂ ಒಂದು ಅಂಶ ವಿಚಾರಾರ್ಹವಾಗಿದೆ. ಅಕ್ಕನು ಹುಟ್ಟಿದುದು ಶಿವಭಕ್ತರ ಮನೆಯಲ್ಲಿಯೇ. ಆದ್ದರಿಂದ ಅವಳದು ಮತಾಂತರವೇ ಅಲ್ಲವೆಂದು ತೋರುತ್ತದೆ. ಆದರೆ ಅರಸನ ಬೆದರಿಕೆ ಬಂದಾಗ ತಂದೆತಾಯಿಗಳು ಅಂಜುತ್ತಾರೆ. ಭವಿಗೆ ಮಗಳನ್ನು ಕೊಡಲು ಮನಸ್ಸು ಮಾಡುತ್ತಾರೆ. ಒಂದೇ ಮನೆ, ಒಂದೇ ದೇವರು, ಒಂದೇ ವಿಭೂತಿ. ಹಿರಿಯರಿಗೆ ಅದು ಹುಟ್ಟಿನಿಂದ ಬಂದುದಾಗಿಯೇ ಉಳಿದಿತ್ತು; ಮಗಳಿಗೆ ಅದು ವರಿಸಿದುದಾಯಿತು. ಹುಟ್ಟಿದ ಮತದೊಳಗಿದ್ದೇ ಆ ಮತವನ್ನು ವರಿಸಬಹುದೆಂಬುದನ್ನು ಈ ರಗಳೆಯಷ್ಟು ಸ್ಪಷ್ಟವಾಗಿ ತೋರಿಸುವ ಕೃತಿಗಳು ಕನ್ನಡದಲ್ಲಿ ವಿರಳ. ಕಲ್ಯಾಣಕ್ಕೆ ಬಂದ ಮೇಲೂ ಅವಳ ಆಯ್ಕೆಯನ್ನು ಯಾರೂ ಹಾಗೆಯೇ ಅಂಗೀಕರಿಸಲಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅವಳನ್ನು ಕಠಿನವಾಗಿ ಪ್ರಶ್ನಿಸುತ್ತಾನೆ. ಉಡುಗೆಯನ್ನು ಬಿಟ್ಟವಳು ಕೇಶದಿಂದ ಮೈಮರೆಸಿಕೊಂಡುದೇಕೆಂದು ಕೇಳುವುದಕ್ಕೂ ಹಿಂಜರಿಯುವುದಿಲ್ಲ. ಶರಣರ ಗೋಷ್ಠಿಯಲ್ಲಿ 'ಏಕೆ ಬಂದೆ' ಎಂಬ ಪ್ರಶ್ನೆ ಅಪಚಾರವಾಗಿರಲಿಲ್ಲ, ಅದೇ ಸ್ವಾಗತವಾಗಿತ್ತು.

ನಾಲ್ಕನೆಯ ಕಾರಣವನ್ನು ಹೆಚ್ಚಾಗಿ ಎತ್ತಿ ಹೇಳಿದವರು ಆಧುನಿಕ ವಿದ್ವಾಂಸರು. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಮೇಲೆ, ವಚನಗಳು ತಾಳೆಯೋಲೆಯ ಕಟ್ಟುಗಳಿಂದ ಸಾಮಾನ್ಯ ಓದುಗರ ಕೈಗೆ ಬಂದವು. ಅಂದಿನಿಂದ ಶರಣಧರ್ಮದ ಸಾಮಾಜಿಕ ಮುಖ ಚರ್ಚೆಯ ಕೇಂದ್ರಕ್ಕೆ ಬಂದಿತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮುಂತಾದವರಿಗೆ ಈ ಮಾರ್ಗವು ಮಾನವನ್ನು ಕೊಟ್ಟಿತು. ದೇಗುಲದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಅಂಗೈಗೇ ಇಷ್ಟಲಿಂಗವಾಗಿ ದೇವರು ಬಂದನು. ಆದ್ದರಿಂದ ಅವರು ಬಂದರು. ಈ ವಿವರಣೆಯಲ್ಲಿ ಸತ್ಯವುಂಟು. 'ಇದು ಲೌಕಿಕ ಪ್ರಯೋಜನ, ಆಧ್ಯಾತ್ಮಿಕ ಕಾರಣವಲ್ಲ' ಎಂದು ಕೆಲವರು ಇದನ್ನು ತಳ್ಳಿಹಾಕುವುದುಂಟು. ಅದು ಸಲ್ಲದು. ಮನುಷ್ಯನನ್ನು ಮನುಷ್ಯನೆಂದು ಕಾಣದ ದೇವರನ್ನು ಬಿಟ್ಟು, ಕಾಣುವ ದೇವರನ್ನು ಅರಸುವುದು ಆಧ್ಯಾತ್ಮಿಕವಲ್ಲದಿದ್ದರೆ ಮತ್ತಾವುದು ಆಧ್ಯಾತ್ಮಿಕವಾದೀತು? ಡಾ. ಬಿ. ಆರ್. ಅಂಬೇಡ್ಕರ್ ಅವರು 1935ರಲ್ಲಿ ಯೇವಲೆಯಲ್ಲಿ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ನಡುವಿನ ಇಪ್ಪತ್ತೊಂದು ವರ್ಷಗಳನ್ನು ನೆನೆದರೆ, ಮಾನದ ಹಸಿವೂ ಸತ್ಯದ ವಿಚಾರವೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದು ಸ್ಪಷ್ಟವಾಗುತ್ತದೆ.

ಆದರೂ ಈ ವಿವರಣೆಯೊಂದೇ ಕಲ್ಯಾಣಕ್ಕೆ ಸಾಲದು. ಹರಳಯ್ಯನಿಗೆ ಬರುವುದರಿಂದ ಮಾನ ದೊರೆಯಿತೆಂದಾದರೆ, ವಿಪ್ರನಾದ ಮಧುವರಸನಿಗೆ ಬರುವುದರಿಂದ ಇದ್ದ ಮಾನವೇ ಹೋಯಿತು. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನು ಕಲ್ಯಾಣಕ್ಕೆ ಬಂದು ಸೌದೆ ಮಾರಿದನು. ಬಸವಣ್ಣನವರು ತಮ್ಮ ಕುಲವನ್ನು ಬಿಟ್ಟು ಚೆನ್ನಯ್ಯ ಕಕ್ಕಯ್ಯರ ಮನೆತನಕ್ಕೆ ತಮ್ಮನ್ನು ಸೇರಿಸಿಕೊಂಡರು. ಒಂದೇ ಬಾಗಿಲಿನಲ್ಲಿ ಕೆಲವರು ಮೇಲೇರಿದರು, ಕೆಲವರು ಕೆಳಗಿಳಿದರು. ಏರಿದವರನ್ನು ಮಾತ್ರ ಎಣಿಸುವ ಸಿದ್ಧಾಂತ ಇಳಿದವರ ಮುಂದೆ ಮೂಕವಾಗುತ್ತದೆ. ಅದಲ್ಲದೆ, ಲಾಭಕ್ಕಾಗಿ ಬಂದವರು ಲಾಭ ಹೋದಾಗ ಹೋಗಬೇಕು. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಕಾರಣವಾಗಿ ಆ ಇಬ್ಬರು ಹಿರಿಯರೂ ಘೋರದಂಡನೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಗಿ ಕಲ್ಯಾಣ ಚದರಿಹೋಯಿತು. ಆಗ ಶರಣರೆಂದು ಹೇಳಿಕೊಳ್ಳುವುದರಿಂದ ದೊರೆಯುತ್ತಿದ್ದುದು ಮಾನವಲ್ಲ, ಪ್ರಾಣಭಯ. ಅಂಥ ಹೊತ್ತಿನಲ್ಲಿಯೂ ವಚನದ ಕಟ್ಟುಗಳನ್ನು ಹೊತ್ತು ನಡೆದವರು ಇದ್ದರೆಂಬ ನೆನಪನ್ನು ಜನತೆ ಉಳಿಸಿಕೊಂಡಿದೆ. ಬಂದ ಕಾರಣವೂ ಉಳಿದ ಕಾರಣವೂ ಬೇರೆಬೇರೆಯಾಗಬಹುದು. ಮತಸ್ವೀಕಾರದ ವಿಚಾರದಲ್ಲಿ ಎರಡನೆಯದೇ ಹೆಚ್ಚಿನ ಪ್ರಮಾಣ.

ಐದನೆಯದು ವಿಚಾರ. ಇದಕ್ಕೆ ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆ ಶ್ರೇಷ್ಠವಾದ ಉದಾಹರಣೆ. ರಾಘವಾಂಕನ 'ಸಿದ್ಧರಾಮ ಚರಿತೆ'ಯ ಬಾಲಕನು ಹೊಲದಲ್ಲಿ ಕಂಡ ಮಲ್ಲಯ್ಯನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೋದವನು. ಅವನ ಭಕ್ತಿಯ ಮೂಲ ವಿರಹ. ಅಲ್ಲಿಂದ ಮರಳಿ ಕೆರೆಗಳನ್ನು ಕಟ್ಟಿಸಿ, ಗುಡಿಗಳನ್ನು ಎತ್ತಿಸಿ, ಲೋಕಪೂಜ್ಯನಾದನು. ಅವನಿಗೆ ಕೊರತೆಯೆಂಬುದು ಏನಿತ್ತು? ಮಾನವುಂಟು, ಶಿಷ್ಯರುಂಟು, ದೇವರ ಸಾಕ್ಷಾತ್ಕಾರವೂ ಉಂಟು. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಅಂಥವನ ಎದುರಿಗೆ ಬಂದು, ಅವನು ಕಟ್ಟಿದುದನ್ನೇ ಪ್ರಶ್ನಿಸುತ್ತಾನೆ. ಕಲ್ಯಾಣದಲ್ಲಿ ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯ ಪ್ರಸ್ತಾಪ ಬಂದಾಗ, ಒಳಗೆ ಅರಿತವನಿಗೆ ಹೊರಗಿನ ಕುರುಹು ಏಕೆಂದು ಸಿದ್ಧರಾಮನು ಆಕ್ಷೇಪಿಸುತ್ತಾನೆ. ಗೂಳೂರ ಸಿದ್ಧವೀರಣ್ಣೊಡೆಯರ ಸಂಪಾದನೆಯಲ್ಲಿ ಈ ವಾದಕ್ಕೆ ಸಾಕಷ್ಟು ಅವಕಾಶ ದೊರೆತಿದೆ. ಆಕ್ಷೇಪವು ದುರ್ಬಲವಾದುದಲ್ಲ, ಇಂದಿಗೂ ವಿಚಾರವಂತರು ಎತ್ತುವ ಆಕ್ಷೇಪವೇ ಅದು. ಸಂಪಾದನಕಾರರು ಅದನ್ನು ಮರೆಮಾಡಲಿಲ್ಲ, ಸಿದ್ಧರಾಮನ ಬಾಯಿಯನ್ನು ಪವಾಡದಿಂದ ಮುಚ್ಚಿಸಲಿಲ್ಲ. ಒಪ್ಪುವವನು 'ಒಲ್ಲೆ' ಎನ್ನಬಹುದಾಗಿತ್ತೆಂಬ ಸಾಧ್ಯತೆಯನ್ನು ಕೊನೆಯವರೆಗೂ ಉಳಿಸಿದುದರಿಂದಲೇ ಅವನ ಒಪ್ಪಿಗೆಗೆ ತೂಕ ಬಂದಿದೆ. ಮತಸ್ವೀಕಾರದ ಯಾವುದೇ ಕಥೆಯನ್ನು ಪರೀಕ್ಷಿಸುವ ಒರೆಗಲ್ಲು ಇದೆಂದು ಹೇಳಬಹುದು: ಅಲ್ಲಿ ನಿರಾಕರಣೆಗೆ ಎಡೆಯಿತ್ತೇ?

ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸ್ ಧಾರ್ಮಿಕಾನುಭವದ ವೈವಿಧ್ಯವನ್ನು ಕುರಿತು 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧಾರ್ಮಿಕರನ್ನು ಒಮ್ಮೆ ಹುಟ್ಟಿದವರು, ಎರಡು ಬಾರಿ ಹುಟ್ಟಿದವರು ಎಂದು ವಿಭಾಗಿಸಿದ್ದಾನೆ. ಮೊದಲಿನವರಿಗೆ ಲೋಕವೂ ದೇವರೂ ಸಹಜವಾಗಿ ಹೊಂದಿಕೊಂಡಿರುತ್ತವೆ. ಎರಡನೆಯವರು ಒಳಗಿನ ಒಡಕನ್ನು ಅನುಭವಿಸಿ, ಅದರಿಂದ ಹೊಸದಾಗಿ ಹುಟ್ಟಿದವರು. ಭಾರತೀಯ ಓದುಗನಿಗೆ ಈ ಮಾತು ಬೇರೊಂದನ್ನು ನೆನಪಿಗೆ ತರುತ್ತದೆ. ಇಲ್ಲಿ 'ದ್ವಿಜ'ನೆಂಬ ಹೆಸರು ಮೊದಲಿನಿಂದಲೂ ಉಂಟು. ಆದರೆ ಆ ಎರಡನೆಯ ಹುಟ್ಟು ಮೊದಲನೆಯ ಹುಟ್ಟಿನಿಂದಲೇ ನಿರ್ಧರಿತವಾಗಿತ್ತು. ಇಂಥ ಕುಲದಲ್ಲಿ ಜನಿಸಿದವನಿಗೆ ಮಾತ್ರ ಇನ್ನೊಮ್ಮೆ ಹುಟ್ಟುವ ಅಧಿಕಾರ. ಹರಿಹರನ ಬಸವನು ದ್ವಿಜತ್ವದ ದಾರವನ್ನು ಹರಿದಾಗಲೇ ನಿಜವಾಗಿ ಎರಡನೆಯ ಬಾರಿ ಹುಟ್ಟಿದನೆನ್ನಬೇಕು. ಶರಣರು ದೀಕ್ಷೆಯನ್ನು ಪುನರ್ಜಾತತ್ವವೆಂದು ಕರೆದುದು, ಪೂರ್ವಾಶ್ರಯವನ್ನು ಕೇಳಬಾರದೆಂದು ವಿಧಿಸಿದುದು ಈ ಅರ್ಥದಲ್ಲಿಯೇ.

ಇಲ್ಲಿಗೆ ಬಂದಾಗ, ಶರಣರ ಮಾರ್ಗದಲ್ಲಿಯೇ ಇಂದು ಹುಟ್ಟಿ ಬೆಳೆಯುವವರ ಪ್ರಶ್ನೆ ಎದುರಾಗದೆ ಇರದು. ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗಸಂಸ್ಕಾರ ಮಾಡುವ, ಹುಟ್ಟಿದ ಕೆಲವು ದಿನಗಳಲ್ಲಿಯೇ ಲಿಂಗವನ್ನು ಕಟ್ಟುವ ಪದ್ಧತಿ ಪರಂಪರೆಯಲ್ಲಿದೆ. ಆಯ್ಕೆಯಿಂದ ಆರಂಭವಾದ ಮಾರ್ಗವೊಂದು ಹೀಗೆ ಹುಟ್ಟಿನ ಮತವಾಯಿತು. ಇದು ಅನಿವಾರ್ಯವೂ ಹೌದು. ತಾನು ಕಂಡ ಬೆಳಕನ್ನು ತನ್ನ ಮಗುವಿಗೆ ಕೊಡದಿರುವ ತಂದೆಯಿಲ್ಲ. ಆದರೆ ಬಸವಣ್ಣನವರ ತಂದೆಯೂ ತನಗೆ ಅಮೂಲ್ಯವಾಗಿದ್ದುದನ್ನೇ ಮಗನಿಗೆ ಕೊಡಲು ಹೊರಟಿದ್ದನೆಂಬುದನ್ನು ಸೋಮನಾಥನ ಓದುಗರು ಮರೆಯಬಾರದು. ಮಗುವಿನ ಕೊರಳಿಗೆ ಕಟ್ಟಿದ ಲಿಂಗವು ಒಂದು ವಾಗ್ದಾನವೇ ಹೊರತು ಆಯ್ಕೆಯಲ್ಲ. ಆ ಮಗು ಬೆಳೆದು, ತಿಳಿವಳಿಕೆ ಬಂದ ಮೇಲೆ, ಅದನ್ನು ತನ್ನದಾಗಿ ಮಾಡಿಕೊಳ್ಳಬೇಕಾದ ದಿನವೊಂದಿದೆ. ಭಕ್ತನ ಮಗನಾದರೂ ಆಚಾರವಿಲ್ಲದವನು ಭವಿಯೇ ಎಂಬುದು ಶರಣರ ನಿಲುವು. ಆ ನಿಲುವಿನ ತಾತ್ಪರ್ಯವೆಂದರೆ, ಹೊರಗಿನಿಂದ ಬಂದವನಿಗೆ ಯಾವ ಪ್ರಶ್ನೆಯುಂಟೋ ಒಳಗೆ ಹುಟ್ಟಿದವನಿಗೂ ಅದೇ ಪ್ರಶ್ನೆಯುಂಟು.

ಇಂದಿನ ಮನೆಗಳಲ್ಲಿ ಓದುಬರಹ ಕಲಿತ ಮಗನೋ ಮಗಳೋ 'ನಾವು ಇದನ್ನು ಏಕೆ ಅನುಸರಿಸಬೇಕು?' ಎಂದು ಕೇಳಿದಾಗ ಹಿರಿಯರು ಮುನಿಯುವುದು, ಅಥವಾ ಒಂದು ಪವಾಡದ ಕಥೆಯನ್ನು ಹೇಳಿ ಮುಗಿಸುವುದು ಕಂಡುಬರುತ್ತದೆ. ಎರಡೂ ಶರಣಸಾಹಿತ್ಯದ ಶ್ರೇಷ್ಠಭಾಗಕ್ಕೆ ವಿರುದ್ಧವಾದ ನಡೆಗಳು. ಅಲ್ಲಮನು ಅಕ್ಕನನ್ನು ಕೇಳಿದುದು, ಸಿದ್ಧರಾಮನು ಚೆನ್ನಬಸವಣ್ಣನನ್ನು ಕೇಳಿದುದು ಇದೇ ಪ್ರಶ್ನೆಯನ್ನು. ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ 15 ಸಮಗ್ರ ವಚನ ಸಂಪುಟಗಳಲ್ಲಿ ಎಷ್ಟೋ ಮಂದಿ ಅಪ್ರಸಿದ್ಧ ಶರಣಶರಣೆಯರ ಮಾತುಗಳು ದೊರೆಯುತ್ತವೆ. ಅವರಲ್ಲಿ ಹಲವರಿಗೆ ರಗಳೆಯಿಲ್ಲ, ಪುರಾಣವಿಲ್ಲ, ಪವಾಡವಿಲ್ಲ. ತಾವು ಮಾಡುವ ಕಾಯಕದ ಉಪಕರಣಗಳನ್ನೇ ಉಪಮೆಯಾಗಿ ಹಿಡಿದು, ತಾವು ಏಕೆ ಈ ದಾರಿಯಲ್ಲಿದ್ದೇವೆಂಬುದನ್ನು ನಾಲ್ಕಾರು ಸಾಲುಗಳಲ್ಲಿ ಹೇಳಿ ಹೋಗಿದ್ದಾರೆ. ಕೇಳುವ ಮಕ್ಕಳ ಕೈಗೆ ಮೊದಲು ಕೊಡಬೇಕಾದುವು ಆ ಪುಟಗಳು. ಅವನ್ನು ಓದಿದ ಮೇಲೆ ಆ ಮಗನೋ ಮಗಳೋ ಕೊಡುವ ಉತ್ತರ ಹಿರಿಯರು ಬಯಸಿದಂತೆಯೇ ಇರಬೇಕೆಂಬ ನಿಯಮವಿಲ್ಲ. ಕಪ್ಪಡಿಸಂಗಮದತ್ತ ನಡೆದ ತರುಣನ ಉತ್ತರವೂ ಅವನ ಮನೆಯವರು ಬಯಸಿದಂತಿರಲಿಲ್ಲ.